ಒಬ್ಬರ ಕ್ಲಿಕ್ಕಿಗೆ ಕಚೇರಿಯೇ ಕುಸಿಯದಂತೆ: ಸಂಸ್ಥೆಗೂ ಸಿಬ್ಬಂದಿಗೂ ಸೈಬರ್ ಸುರಕ್ಷತೆಯ ಕೈಪಿಡಿ

50 ಜನರಿರುವ ಕಚೇರಿಯಲ್ಲಿ ಇವತ್ತಲ್ಲ ನಾಳೆ ಒಬ್ಬರು ಕೆಟ್ಟ ಲಿಂಕ್ ಒತ್ತಿಯೇ ಒತ್ತುತ್ತಾರೆ. ಅದಕ್ಕೆ ದಡ್ಡತನ ಕಾರಣವಲ್ಲ. ಬಿಲ್ಲು, ಬಯೋಡೇಟಾ, ದೂರುಗಳನ್ನು ತೆರೆದು ನೋಡುವುದೇ ಕೆಲಸವಾಗಿರುವವರು ಬಂದ ಪ್ರತಿಯೊಂದು ಮೇಲನ್ನೂ ಸಂಶಯದಿಂದ ನೋಡುತ್ತ ಕೂತರೆ ಸಂಜೆಯೊಳಗೆ ಕೆಲಸ ಮುಗಿಯುವುದಿಲ್ಲ. ಹಾಗಾಗಿ ಯಾರೂ ಮೋಸಹೋಗಬಾರದು ಎಂಬ ಗುರಿ ಇಟ್ಟುಕೊಂಡರೆ ಸೋಲು ಖಚಿತ. ಒಬ್ಬರು ಮೋಸಹೋದರೂ ನಷ್ಟ ಅವರಲ್ಲೇ ನಿಲ್ಲಬೇಕು, ಮತ್ತು ಅವರು ಹೆದರದೆ ಕೆಲವೇ ನಿಮಿಷಗಳಲ್ಲಿ ಅದನ್ನು ಹೇಳಿಕೊಳ್ಳಬೇಕು. ಇಷ್ಟು ಸಾಧ್ಯವಾದರೆ ಸಾಕು. ಮುಂದೆ ಬರುವುದೆಲ್ಲ ಇವೆರಡಕ್ಕೆ ಬೇಕಾದ ಏರ್ಪಾಡು.

ಇಮೇಲ್ ಖಾತೆಯಿಂದಲೇ ಶುರುಮಾಡಿ

ಕಚೇರಿಯ ಇಮೇಲ್ ಸಿಕ್ಕವರಿಗೆ ಉಳಿದದ್ದೂ ಸಿಕ್ಕ ಹಾಗೆಯೇ. ಬ್ಯಾಂಕು, ತೆರಿಗೆ, ಸಂಬಳದ ತಂತ್ರಾಂಶ, ಕ್ಲೌಡ್ ಕಡತಗಳು, ಹೀಗೆ ಯಾವುದರ ಪಾಸ್‌ವರ್ಡ್ ಮರೆತರೂ ಹೊಸದನ್ನು ಮಾಡಿಕೊಳ್ಳುವ ಲಿಂಕ್ ಬಂದು ಬೀಳುವುದು ಅಲ್ಲಿಗೇ. ಆದ್ದರಿಂದ ಮೊದಲ ವಾರದ ಕೆಲಸ ಇಮೇಲಿಗೆ ಎರಡು ಹಂತದ ದೃಢೀಕರಣ, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಪುರಾವೆ ಕೇಳುವ ವ್ಯವಸ್ಥೆ, ಹಾಕುವುದು. ಎಲ್ಲರಿಗೂ ಒಂದೇ ದಿನ ಹಾಕಲು ಹೋದರೆ ಸಹಾಯ ಕೇಳುವವರ ಸಾಲು ನಿಭಾಯಿಸಲಾಗದೆ ಕೈಬಿಡುತ್ತೀರಿ. ಎಲ್ಲರ ಖಾತೆಗಳನ್ನೂ ನಿಭಾಯಿಸುವ ಅಡ್ಮಿನ್‌ಗಳು ಮೊದಲು, ಆಮೇಲೆ ಲೆಕ್ಕಪತ್ರ ವಿಭಾಗ ಮತ್ತು ಮೇಲಧಿಕಾರಿಗಳು, ನಂತರ ಮಾನವ ಸಂಪನ್ಮೂಲ ವಿಭಾಗ, ಕೊನೆಗೆ ಉಳಿದವರು. "ಸಾಹೇಬರಿಗೆ ತೊಂದರೆಯಾಗುತ್ತದೆ" ಎಂದು ಮೇಲಧಿಕಾರಿಗಳನ್ನು ಬಿಡಬೇಡಿ. ದಾಳಿಕೋರರು ಮೊದಲು ಹುಡುಕುವುದು ಅವರನ್ನೇ.

ಎರಡನೇ ಹಂತಗಳೆಲ್ಲ ಒಂದೇ ತೂಕದವಲ್ಲ. ಎಸ್‌ಎಂಎಸ್‌ನಲ್ಲಿ ಬರುವ ಓಟಿಪಿ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಆದರೆ ನಿಮ್ಮ ನಂಬರಿಗೆ ಬೇರೆಯವರು ಹೊಸ ಸಿಮ್ ಪಡೆದುಬಿಟ್ಟರೆ ಅದು ಅವರ ಪಾಲು. ಫೋನಿನ ಆಪ್ ತೋರಿಸುವ ಆರಂಕಿ ಕೋಡ್ ಇದಕ್ಕಿಂತ ಗಟ್ಟಿ. ಆದರೆ ಈ ಎರಡರದ್ದೂ ಒಂದೇ ದೌರ್ಬಲ್ಯ: ನಕಲಿ ಲಾಗಿನ್ ಪುಟದಲ್ಲಿ ನೀವು ಕೋಡ್ ಬರೆದರೆ, ಆ ಪುಟ ಅದನ್ನು ಅದೇ ಕ್ಷಣದಲ್ಲಿ ಅಸಲಿ ಪುಟಕ್ಕೆ ದಾಟಿಸಿ ಒಳಹೊಕ್ಕುಬಿಡುತ್ತದೆ. "ಲಾಗಿನ್ ಮಾಡುತ್ತಿರುವುದು ನೀವೇನಾ?" ಎಂದು ಕೇಳಿ ಹೌದು ಒತ್ತಿಸಿಕೊಳ್ಳುವ ಆಪ್‌ಗಳಲ್ಲಿ ಇನ್ನೊಂದು ತೊಡಕಿದೆ. 2022ರ ಸೆಪ್ಟೆಂಬರಿನಲ್ಲಿ ಊಬರ್ ಕಂಪನಿಯೊಳಗೆ ದಾಳಿಕೋರ ನುಗ್ಗಿದ್ದು ಹೀಗೆಯೇ. ಗುತ್ತಿಗೆ ನೌಕರರೊಬ್ಬರ ಫೋನಿಗೆ ಆ ಕೋರಿಕೆ ಮತ್ತೆ ಮತ್ತೆ ಬಂತು, ಕೊನೆಗೊಮ್ಮೆ ಅವರು ಒಪ್ಪಿಬಿಟ್ಟರು. ಇಂಥ ಆಪ್ ಬಳಸುವುದಾದರೆ, ಪರದೆಯ ಮೇಲೆ ಕಾಣುವ ಸಂಖ್ಯೆಯನ್ನು ಫೋನಿನಲ್ಲಿ ಬರೆಯಲೇಬೇಕಾದ ವ್ಯವಸ್ಥೆಯನ್ನು ಚಾಲೂ ಮಾಡಿ. ಸಿಬ್ಬಂದಿಗೆ ಒಂದೇ ಮಾತು ಹೇಳಿ: ನೀವು ಲಾಗಿನ್ ಮಾಡದಿರುವಾಗ ಒಪ್ಪಿಗೆ ಕೇಳುವ ಸಂದೇಶ ಬಂತೆಂದರೆ ನಿಮ್ಮ ಪಾಸ್‌ವರ್ಡ್ ಆಗಲೇ ಬೇರೆಯವರ ಕೈಯಲ್ಲಿದೆ. ಬೇಡ ಒತ್ತಿ, ಕೂಡಲೇ ತಿಳಿಸಿ.

ಎಲ್ಲಕ್ಕಿಂತ ಗಟ್ಟಿಯಾದದ್ದು ಪಾಸ್‌ಕೀ (ಪಾಸ್‌ವರ್ಡ್ ಬದಲಿಗೆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಉಳಿಯುವ ಡಿಜಿಟಲ್ ಕೀಲಿ) ಅಥವಾ ಯುಎಸ್‌ಬಿ ರೂಪದ ಸೆಕ್ಯುರಿಟಿ ಕೀ. ಅದು ತಾನು ನೋಂದಣಿಯಾದ ಜಾಲತಾಣಕ್ಕೆ ಮಾತ್ರ ಉತ್ತರ ಕೊಡುತ್ತದೆ. ನಕಲಿ ಪುಟ ಎಷ್ಟೇ ಹೋಲಿದರೂ ವಿಳಾಸ ಬೇರೆಯಾದ್ದರಿಂದ ಬ್ರೌಸರ್ ಅದಕ್ಕೆ ಏನನ್ನೂ ಕೊಡುವುದಿಲ್ಲ. 2022ರ ಜುಲೈನಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯ ಕನಿಷ್ಠ 76 ಜನರಿಗೆ ಮೋಸದ ಎಸ್‌ಎಂಎಸ್ ಬಂತು. ಅವರಲ್ಲಿ ಮೂವರು ನಕಲಿ ಪುಟದಲ್ಲಿ ಪಾಸ್‌ವರ್ಡ್ ಬರೆದೂ ಬಿಟ್ಟರು. ಅಲ್ಲಿ ಎಲ್ಲರಿಗೂ ಸೆಕ್ಯುರಿಟಿ ಕೀ ಕಡ್ಡಾಯವಾಗಿದ್ದರಿಂದ ದಾಳಿಕೋರರು ಒಳಬರಲಾಗಲಿಲ್ಲ. ಸುಮಾರು ಅದೇ ಸಮಯದಲ್ಲಿ ಅದೇ ಬಗೆಯ ದಾಳಿಗೆ ಟ್ವಿಲಿಯೊ ಕಂಪನಿ ಸಿಕ್ಕಿಬಿದ್ದು ಗ್ರಾಹಕರ ಮಾಹಿತಿ ಸೋರಿತು. ಎಲ್ಲರಿಗೂ ಕೀ ಕೊಡಲು ಹಣವಿಲ್ಲದಿದ್ದರೆ ಅಡ್ಮಿನ್ ಮತ್ತು ಲೆಕ್ಕಪತ್ರದವರಿಗಾದರೂ ಕೊಡಿ. ಒಬ್ಬರಿಗೆ ಎರಡು ಬೇಕು: ಒಂದು ಕೈಯಲ್ಲಿ, ಇನ್ನೊಂದು ಬೀಗ ಹಾಕಿದ ಕಪಾಟಿನಲ್ಲಿ. ಒಂದೇ ಕೊಟ್ಟು ಅದು ಕಳೆದುಹೋದ ದಿನ, "ಸದ್ಯಕ್ಕೆ ಎಸ್‌ಎಂಎಸ್ ಹಾಕಿಕೊಳ್ಳಿ" ಎಂದು ಸಡಿಲಿಸಿದ್ದು ಹಾಗೆಯೇ ಉಳಿದುಬಿಡುತ್ತದೆ.

ಅಡ್ಮಿನ್ ಆಗಿರುವವರು ದಿನನಿತ್ಯದ ಮೇಲ್ ಓದಲು ಒಂದು ಖಾತೆ, ಅಡ್ಮಿನ್ ಕೆಲಸಕ್ಕೆ ಇನ್ನೊಂದು ಖಾತೆ ಇಟ್ಟುಕೊಳ್ಳಬೇಕು. ಇದಕ್ಕೆ ರಿಯಾಯಿತಿ ಇಲ್ಲ.

ಪಾಸ್‌ವರ್ಡ್: ಹಳೆಯ ನಿಯಮಗಳನ್ನು ಬಿಟ್ಟುಬಿಡಿ

90 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಿ, ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಲಿ ಎಂಬ ನಿಯಮ ಇನ್ನೂ ಎಷ್ಟೋ ಕಚೇರಿಗಳಲ್ಲಿದೆ. ಅದರ ಫಲ ಎಲ್ಲರಿಗೂ ಗೊತ್ತು: ತಿಂಗಳ ಹೆಸರು, ಇಸವಿ, ಕೊನೆಗೊಂದು ಆಶ್ಚರ್ಯಸೂಚಕ. ಮುಂದಿನ ಬಾರಿ ತಿಂಗಳ ಹೆಸರು ಮಾತ್ರ ಬದಲಾಗುತ್ತದೆ, ದಾಳಿಕೋರರಿಗೂ ಇದು ತಿಳಿದಿದೆ. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2017ರಲ್ಲೇ ಅವಧಿಗೊಮ್ಮೆ ಬದಲಿಸುವ ಪದ್ಧತಿ ಬೇಡವೆಂದಿತು. 2025ರ ಪರಿಷ್ಕರಣೆಯಲ್ಲಿ, ಪಾಸ್‌ವರ್ಡ್ ಒಂದರಿಂದಲೇ ಲಾಗಿನ್ ಆಗುವಲ್ಲಿ ಕನಿಷ್ಠ 15 ಅಕ್ಷರ ಇರಲೇಬೇಕೆಂದು ಹೇಳಿತು. ನೀವೂ ಅದನ್ನೇ ಅನುಸರಿಸಿ. ಉದ್ದಕ್ಕೆ ಒತ್ತು ಕೊಡಿ, ಈಗಾಗಲೇ ಸೋರಿಕೆಯಾದ ಪಾಸ್‌ವರ್ಡ್‌ಗಳ ಪಟ್ಟಿಯಲ್ಲಿರುವುದನ್ನು ತಿರಸ್ಕರಿಸಿ, ಸೋರಿದ ಸುಳಿವು ಸಿಕ್ಕಾಗ ಮಾತ್ರ ಬದಲಿಸಿ.

ಪ್ರತಿ ಸೇವೆಗೂ ಬೇರೆ ಬೇರೆ ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವುದು ಮನುಷ್ಯರಿಂದಾಗದ ಕೆಲಸ. ಅದಕ್ಕೇ ಪಾಸ್‌ವರ್ಡ್ ಮ್ಯಾನೇಜರ್ ತಂತ್ರಾಂಶವನ್ನು ಸಂಸ್ಥೆಯೇ ಕೊಂಡು ಕೊಡಬೇಕು. ಅದರಿಂದ ಇನ್ನೊಂದು ಲಾಭವೂ ಇದೆ. ಪಾಸ್‌ವರ್ಡ್ ಯಾವ ವಿಳಾಸದ್ದು ಎಂದು ಅದು ನೆನಪಿಟ್ಟುಕೊಂಡಿರುತ್ತದೆ. ಎಂದಿನಂತೆ ತಾನೇ ತುಂಬದೆ ಸುಮ್ಮನಿದ್ದರೆ, ಕೈಯಿಂದ ನಕಲಿಸಿ ಅಂಟಿಸುವ ಮೊದಲು ವಿಳಾಸವನ್ನು ಮತ್ತೊಮ್ಮೆ ನೋಡಿ.

ಮೇಲ್, ಲಿಂಕ್, ಅಟ್ಯಾಚ್‌ಮೆಂಟ್

ಕಾಗುಣಿತದ ತಪ್ಪು ನೋಡಿ ನಕಲಿ ಗುರುತಿಸುವ ಕಾಲ ಮುಗಿಯಿತು. ಎಐ ಬರೆದ ಮೋಸದ ಪತ್ರಗಳ ಭಾಷೆ ಈಗ ಕಚೇರಿಯ ಸುತ್ತೋಲೆಗಿಂತ ಚೆನ್ನಾಗಿರುತ್ತದೆ. ಬ್ರೌಸರಿನಲ್ಲಿ ಕಾಣುವ ಬೀಗದ ಚಿಹ್ನೆಯನ್ನೂ ನಂಬಬೇಡಿ. ಸಂಪರ್ಕ ಗೂಢಲಿಪಿಯಲ್ಲಿದೆ ಎಂಬುದಷ್ಟೇ ಅದರ ಅರ್ಥ, ಆಚೆ ಕಡೆ ಯಾರಿದ್ದಾರೆಂದು ಅದು ಹೇಳುವುದಿಲ್ಲ.

ವಿಳಾಸ ಓದುವ ಕ್ರಮ ಹೀಗೆ. ಎಚ್‌ಟಿಟಿಪಿಎಸ್ ಮತ್ತು ಎರಡು ಓರೆಗೆರೆಗಳನ್ನು ಬಿಟ್ಟು, ಅನಂತರ ಬರುವ ಮೊದಲ ಒಂಟಿ ಓರೆಗೆರೆ ಹುಡುಕಿ. ಅಲ್ಲಿಂದ ಎಡಕ್ಕೆ ಓದಿ. ಸಾಮಾನ್ಯವಾಗಿ ಕೊನೆಯ ಎರಡು ತುಂಡುಗಳು, ಕೆಲವು ದೇಶಗಳ ವಿಳಾಸದಲ್ಲಿ ಮೂರು, ಆ ತಾಣದ ನಿಜವಾದ ಒಡೆಯ ಯಾರೆಂದು ತಿಳಿಸುತ್ತವೆ. "ಲಾಗಿನ್.ನಿಮ್ಮಬ್ಯಾಂಕ್.ಕಾಮ್.ಖಾತೆಸೇವೆ.ನೆಟ್/ಪರಿಶೀಲನೆ" ಎಂಬ ವಿಳಾಸದಲ್ಲಿ ಬ್ಯಾಂಕಿನ ಹೆಸರಿದ್ದರೂ ಒಡೆಯ "ಖಾತೆಸೇವೆ.ನೆಟ್". ಇಂಗ್ಲಿಷಿನ ಆರ್ ಮತ್ತು ಎನ್ ಸಣ್ಣಕ್ಷರಗಳು ಅಂಟಿಕೊಂಡು ಎಂ ಆಗಿ ಕಾಣುವುದು, ಒ ಅಕ್ಷರದ ಜಾಗದಲ್ಲಿ ಸೊನ್ನೆ ಇರುವುದು ಹಳೆಯ ಚಮತ್ಕಾರವಾದರೂ ಇನ್ನೂ ನಡೆಯುತ್ತಿದೆ. ಕಂಪ್ಯೂಟರಿನಲ್ಲಿ ಲಿಂಕ್ ಮೇಲೆ ಮೌಸ್ ಇಟ್ಟರೆ, ಫೋನಿನಲ್ಲಿ ಲಿಂಕನ್ನು ಒತ್ತಿ ಹಿಡಿದರೆ ಪೂರ್ತಿ ವಿಳಾಸ ಕಾಣುತ್ತದೆ. ಕ್ಯೂಆರ್ ಕೋಡ್‌ನಲ್ಲಿ ಈ ಅನುಕೂಲ ಕಡಿಮೆ. ಮೇಲಾಗಿ ಅದು ಕಚೇರಿಯ ಕಂಪ್ಯೂಟರಿನಿಂದ ನಿಮ್ಮ ಸ್ವಂತ ಫೋನಿಗೆ, ಅಂದರೆ ಕಚೇರಿಯ ರಕ್ಷಣೆ ತಲುಪದ ಕಡೆಗೆ, ನಿಮ್ಮನ್ನು ಒಯ್ಯುತ್ತದೆ. ಮೇಲ್‌ನಲ್ಲಿ ಬಂದ ಕ್ಯೂಆರ್ ಸ್ಕ್ಯಾನ್ ಮಾಡಿ ಲಾಗಿನ್ ಆಗುವ ಅಗತ್ಯ ಕಚೇರಿ ಕೆಲಸದಲ್ಲಿ ಬರುವುದೇ ಅಪರೂಪ.

ಇಷ್ಟೆಲ್ಲ ಓದಲು ಬಂದರೂ ಪೂರ್ತಿ ಭದ್ರತೆ ಸಿಗದು. ಹೆಸರಾಂತ ಕಂಪನಿಗಳ ಕಡತ ಹಂಚಿಕೆ, ಫಾರ್ಮ್ ಸೇವೆಗಳ ಒಳಗೇ ನಕಲಿ ಪುಟ ಇಟ್ಟರೆ ವಿಳಾಸ ಅಸಲಿಯಾಗಿಯೇ ಇರುತ್ತದೆ. ಹಾಗಾಗಿ ಸಿಬ್ಬಂದಿಗೆ ಒಂದೇ ಅಭ್ಯಾಸ ಕಲಿಸಬೇಕೆಂದರೆ ನಾವು ಆರಿಸುವುದು ಇದನ್ನು: ಮೇಲ್‌ನಲ್ಲಿ ಬಂದ ಲಿಂಕಿನ ಮೂಲಕ ಎಲ್ಲೂ ಲಾಗಿನ್ ಆಗಬೇಡಿ. ಬ್ರೌಸರಿನಲ್ಲಿ ನೀವೇ ಉಳಿಸಿಟ್ಟ ಬುಕ್‌ಮಾರ್ಕ್ ತೆರೆದು ಹೋಗಿ.

ಅಟ್ಯಾಚ್‌ಮೆಂಟ್ ವಿಷಯಕ್ಕೆ ಬಂದರೆ, ಜಿಪ್ ಕಡತಕ್ಕೆ ಪಾಸ್‌ವರ್ಡ್ ಹಾಕಿ ಆ ಪಾಸ್‌ವರ್ಡನ್ನು ಅದೇ ಮೇಲ್‌ನಲ್ಲಿ ಬರೆದಿದ್ದರೆ ನಿಲ್ಲಿ. ಮೇಲ್ ಸರ್ವರ್ ಒಳಗೆ ಇಣುಕಿ ನೋಡದಿರಲೆಂದೇ ಅದನ್ನು ಹಾಗೆ ಕಟ್ಟಿರುವ ಸಂಭವ ಹೆಚ್ಚು. ಬಿಲ್ಲಿನ ಹೆಸರಿನಲ್ಲಿ ಎಚ್‌ಟಿಎಂಎಲ್ ಕಡತ ಬಂದರೆ ಅದು ಹೆಚ್ಚಾಗಿ ನಕಲಿ ಲಾಗಿನ್ ಪುಟ. ವಿಂಡೋಸ್ ಕಡತದ ಹೆಸರಿನ ಬಾಲವನ್ನು ತಾನಾಗಿಯೇ ಅಡಗಿಸುವುದರಿಂದ "ಬಿಲ್.ಪಿಡಿಎಫ್.ಇಎಕ್ಸ್‌ಇ" ಎಂಬುದು "ಬಿಲ್.ಪಿಡಿಎಫ್" ಆಗಿ ಕಾಣುತ್ತದೆ. ಎಲ್ಲ ಯಂತ್ರಗಳಲ್ಲೂ ಬಾಲ ಕಾಣುವಂತೆ ಮಾಡಿ. ಐಟಿಯವರು ಮಾಡಬಹುದಾದ, ಖರ್ಚಿಲ್ಲದ ಇನ್ನೊಂದು ಕೆಲಸವಿದೆ: ಜೆಎಸ್, ವಿಬಿಎಸ್ ಬಗೆಯ ಸ್ಕ್ರಿಪ್ಟ್ ಕಡತಗಳನ್ನು ಎರಡು ಬಾರಿ ಕ್ಲಿಕ್ ಮಾಡಿದಾಗ ನೋಟ್‌ಪ್ಯಾಡ್ ತೆರೆಯುವಂತೆ ಹೊಂದಿಸಿ. ಆಗ ಅವು ಓಡುವುದಿಲ್ಲ, ಬರೀ ಅಕ್ಷರಗಳಾಗಿ ಕಾಣುತ್ತವೆ.

ಇತ್ತೀಚೆಗೆ ಹೆಚ್ಚು ಜನರನ್ನು ಬೀಳಿಸುತ್ತಿರುವ ಒಂದು ಉಪಾಯವನ್ನು ಪ್ರತ್ಯೇಕವಾಗಿ ಹೇಳಬೇಕು. ನೀವು ರೋಬೋಟ್ ಅಲ್ಲವೆಂದು ಸಾಬೀತುಪಡಿಸಿ ಎನ್ನುವ ಪುಟ ಬರುತ್ತದೆ. ಟಿಕ್ ಮಾಡಿದ ಮೇಲೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ ಎನ್ನುತ್ತದೆ. ಅಷ್ಟರಲ್ಲಿ ಆ ಪುಟ ನಿಮ್ಮ ಕ್ಲಿಪ್‌ಬೋರ್ಡಿಗೆ (ನಕಲಿಸಿದ್ದು ಕೂಡುವ ಜಾಗಕ್ಕೆ) ಒಂದು ಆದೇಶ ತುಂಬಿರುತ್ತದೆ. ನೀವು ಅದನ್ನು ರನ್ ಪೆಟ್ಟಿಗೆಗೆ ಅಂಟಿಸಿ ನಿಮ್ಮ ಕೈಯಾರೆ ಓಡಿಸುತ್ತೀರಿ. ಬಳಕೆದಾರರೇ ಓಡಿಸಿದ್ದರಿಂದ ಎಷ್ಟೋ ತಡೆಗಳು ಅಡ್ಡ ಬರುವುದಿಲ್ಲ. ಯಾವ ಅಸಲಿ ಜಾಲತಾಣವೂ ಈ ಕೀಲಿಗಳನ್ನು ಒತ್ತಲು ಹೇಳುವುದಿಲ್ಲ. ಈ ಮೂರು ಹೆಜ್ಜೆಗಳ ಚಿತ್ರವನ್ನು ನೋಟಿಸ್ ಬೋರ್ಡಿಗೆ ಹಾಕಿ. ಕೆಲಸಕ್ಕೆ ಅಗತ್ಯವಿಲ್ಲದವರ ಯಂತ್ರದಲ್ಲಿ ರನ್ ಪೆಟ್ಟಿಗೆಯನ್ನೇ ಮುಚ್ಚಿಬಿಡಿ.

ನಿಮ್ಮ ಸಂಸ್ಥೆಯ ಹೆಸರಿನಲ್ಲಿ ಬೇರೆಯವರು ಮೇಲ್ ಕಳಿಸದಂತೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ, ಮೇಲ್ ನಿಜಕ್ಕೂ ನಿಮ್ಮದೇ ಎಂದು ಪರೀಕ್ಷಿಸಲು ನೆರವಾಗುವ ದಾಖಲೆಗಳನ್ನು ಡಿಎನ್‌ಎಸ್‌ನಲ್ಲಿ (ಅಂತರ್ಜಾಲದ ವಿಳಾಸಪುಸ್ತಕದಲ್ಲಿ) ಹಾಕುವುದು ಐಟಿಯವರ ಹೊಣೆ. ಡಿಮಾರ್ಕನ್ನು ಮೊದಲ ದಿನವೇ "ರಿಜೆಕ್ಟ್" (ಪರೀಕ್ಷೆಯಲ್ಲಿ ಸೋತ ಮೇಲನ್ನು ತಿರಸ್ಕರಿಸು) ಮಾಡಬೇಡಿ. "ನನ್" (ಏನೂ ಮಾಡಬೇಡ) ಎಂದಿಟ್ಟು ಕೆಲವು ವಾರ ವರದಿ ನೋಡಿ. ಬಿಲ್ಲಿಂಗ್ ತಂತ್ರಾಂಶ, ಸುದ್ದಿಪತ್ರ ಕಳಿಸುವ ಸೇವೆ ಎಂದು ಮರೆತುಹೋದ ಕಳುಹಿಸುಗರು ಅಲ್ಲಿ ಕಾಣಿಸಿಕೊಳ್ಳುತ್ತಾರೆ. ಅವರನ್ನು ಸರಿಪಡಿಸಿ "ಕ್ವಾರಂಟೈನ್"ಗೆ (ಸಂಶಯದ ಮೇಲನ್ನು ಬೇರೆ ಇಡು), ಆಮೇಲೆ "ರಿಜೆಕ್ಟ್"ಗೆ ಹೋಗಿ. ಎಸ್‌ಪಿಎಫ್ ದಾಖಲೆಯಲ್ಲಿ 10ಕ್ಕಿಂತ ಹೆಚ್ಚು ಡಿಎನ್‌ಎಸ್ ಹುಡುಕಾಟ ಬೇಕಾದರೆ ಅದು ವಿಫಲವಾಗುತ್ತದೆ. ಸೇವೆಗಳನ್ನು ಒಂದೊಂದಾಗಿ ಸೇರಿಸುತ್ತ ಹೋದಾಗ ಎಡವುವುದು ಇಲ್ಲೇ.

ಹಣ ಕಳಿಸುವ ಮುನ್ನ

ವೈರಸ್ಸೂ ಇಲ್ಲ, ಕೆಟ್ಟ ಲಿಂಕೂ ಇಲ್ಲ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಬಿಲ್ಲನ್ನು ಹೊಸ ಖಾತೆಗೆ ಪಾವತಿಸಿ" ಎಂಬ ಒಂದು ಸಾಲು ಮಾತ್ರ. 2013ರಿಂದ 2015ರ ನಡುವೆ ಗೂಗಲ್ ಮತ್ತು ಫೇಸ್‌ಬುಕ್ ಕಂಪನಿಗಳೇ ತೈವಾನಿನ ಪೂರೈಕೆದಾರ ಕಂಪನಿಯೊಂದರ ಸೋಗಿನ ನಕಲಿ ಬಿಲ್ಲುಗಳಿಗೆ 10 ಕೋಟಿ ಡಾಲರಿಗೂ ಹೆಚ್ಚು ಹಣ ಕಳಿಸಿದ್ದವು. ಎಷ್ಟೋ ಸಲ ಪೂರೈಕೆದಾರರ ಇಮೇಲ್ ಖಾತೆಯನ್ನೇ ವಶಪಡಿಸಿಕೊಂಡು, ನಡೆಯುತ್ತಿರುವ ಪತ್ರವ್ಯವಹಾರದ ನಡುವೆಯೇ ಈ ಸಾಲು ತೂರಿಸುತ್ತಾರೆ. ಆಗ ಕಳುಹಿಸಿದವರ ವಿಳಾಸ ಅಸಲಿಯೇ, ಡಿಮಾರ್ಕ್ ಕೂಡ ಪಾಸ್. ಇಲ್ಲಿ ಕಣ್ಣು ಕೆಲಸಕ್ಕೆ ಬಾರದು, ಕ್ರಮವೊಂದೇ ಕಾಪಾಡುವುದು.

1. ಖಾತೆ ಸಂಖ್ಯೆ ಬದಲಾವಣೆಯನ್ನು ಇಮೇಲ್ ಆಧಾರದ ಮೇಲೆ ಮಾತ್ರ ಎಂದೂ ಒಪ್ಪಬೇಡಿ.
2. ಹಳೆಯ ಒಪ್ಪಂದಪತ್ರ ಅಥವಾ ನಿಮ್ಮ ಕಡತದಲ್ಲಿ ಮೊದಲಿನಿಂದ ಇರುವ ನಂಬರಿಗೆ ನೀವೇ ಫೋನ್ ಮಾಡಿ. ಆ ಮೇಲ್‌ನಲ್ಲಿರುವ ನಂಬರಿಗೆ ಮಾಡಿದರೆ ಎತ್ತುವವರು ಕಳ್ಳರೇ.
3. ಯಾರೊಂದಿಗೆ, ಯಾವ ನಂಬರಿನಲ್ಲಿ, ಎಷ್ಟು ಗಂಟೆಗೆ ಮಾತಾಡಿದಿರೆಂದು ಪಾವತಿ ದಾಖಲೆಯಲ್ಲೇ ಬರೆಯಿರಿ. ಈ ಅಂಕಣ ಖಾಲಿಯಿದ್ದರೆ ಪಾವತಿ ಮುಂದಕ್ಕೆ ಹೋಗಬಾರದು.
4. ಒಪ್ಪಿಗೆ ಕೊಡುವ ಎರಡನೆಯ ವ್ಯಕ್ತಿ ಮೊದಲಿನವರ ಮಾತು ನಂಬಿ ಸಹಿ ಹಾಕದೆ ಆ ಅಂಕಣವನ್ನು ಓದಬೇಕು.

ಮೊದಲು ಸಣ್ಣ ಮೊತ್ತ ಕಳಿಸಿ ನೋಡುತ್ತೇವೆ ಎನ್ನುವವರಿದ್ದಾರೆ. "ತಲುಪಿತು" ಎಂಬ ಉತ್ತರ ಅದೇ ಇಮೇಲಿನಿಂದ ಬಂದರೆ ಆ ಪರೀಕ್ಷೆಗೆ ಅರ್ಥವಿಲ್ಲ.

ಮೇಲಧಿಕಾರಿಯ ಹೆಸರಿನಲ್ಲಿ "ತುರ್ತು, ಗುಟ್ಟಾಗಿರಲಿ" ಎಂದು ಬರುವ ಆದೇಶಗಳಿಗೂ ಇದೇ ಕ್ರಮ. 2024ರಲ್ಲಿ ಬೆಳಕಿಗೆ ಬಂದ ಪ್ರಕರಣವೊಂದರಲ್ಲಿ ಅರೂಪ್ ಎಂಬ ಎಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಕಚೇರಿಯ ನೌಕರರೊಬ್ಬರು ವಿಡಿಯೊ ಸಭೆಯಲ್ಲಿ ಹಣಕಾಸು ಮುಖ್ಯಸ್ಥರ, ಸಹೋದ್ಯೋಗಿಗಳ ಮುಖ ನೋಡಿ, ದನಿ ಕೇಳಿಯೇ 15 ಕಂತುಗಳಲ್ಲಿ ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ವರ್ಗಾಯಿಸಿದರು. ಆ ಮುಖಗಳೆಲ್ಲ ಡೀಪ್‌ಫೇಕ್, ಅಂದರೆ ಎಐ ಸೃಷ್ಟಿಸಿದ ನಕಲಿ. ಮುಖ, ದನಿ ಇನ್ನು ಪುರಾವೆಯಲ್ಲ. ಗೊತ್ತಿರುವ ನಂಬರಿಗೆ ನೀವಾಗಿ ಮಾಡಿದ ಕರೆ ಮಾತ್ರ ಪುರಾವೆ. "ಪರಿಶೀಲಿಸಲು ಫೋನ್ ಮಾಡಿದವರನ್ನು ನಾನು ಬೈಯುವುದಿಲ್ಲ" ಎಂದು ಮುಖ್ಯಸ್ಥರು ಲಿಖಿತವಾಗಿ ಹೇಳಬೇಕು, ಹಾಗೆಯೇ ನಡೆದುಕೊಳ್ಳಬೇಕು. ಒಮ್ಮೆ ಸಿಡುಕಿದರೂ ಮರುದಿನದಿಂದ ಯಾರೂ ಫೋನ್ ಮಾಡುವುದಿಲ್ಲ.

ಹಣ ಹೋಗಿಯೇಬಿಟ್ಟರೆ ಪೊಲೀಸರಿಗಿಂತ ಮೊದಲು ಬ್ಯಾಂಕಿಗೆ ಫೋನ್ ಮಾಡಿ ವರ್ಗಾವಣೆ ತಡೆಯಲು ಕೇಳಿ. ಬೇರೆ ಖಾತೆಗಳಿಗೆ ಚದುರುವ ಮುನ್ನ ಸಿಗುವ ಅವಕಾಶ ಕೆಲವು ಗಂಟೆಗಳದ್ದು.

ಅಪ್‌ಡೇಟ್ ಮತ್ತು ಬ್ಯಾಕಪ್

2017ರ ಮೇ 12ರಂದು ಹರಡಿದ ವನ್ನಾಕ್ರೈ ಎಂಬ ಕೆಟ್ಟ ತಂತ್ರಾಂಶ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳಿಗೆ ಬೀಗ ಹಾಕಿತು. ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪರಿಹಾರ ಕೊಟ್ಟಿತ್ತು. ಸುಮಾರು ಎರಡು ತಿಂಗಳು "ಆಮೇಲೆ ನೆನಪಿಸು" ಒತ್ತಿದವರು ಸಿಕ್ಕಿಬಿದ್ದರು. ಬ್ರೌಸರ್ ಮತ್ತು ಆಪರೇಟಿಂಗ್ ಸಿಸ್ಟಂ ತಾವಾಗಿಯೇ ಅಪ್‌ಡೇಟ್ ಆಗುವಂತಿರಲಿ. ಅಂತರ್ಜಾಲಕ್ಕೆ ನೇರ ಮುಖಮಾಡಿರುವ ವಿಪಿಎನ್ (ಹೊರಗಿನಿಂದ ಕಚೇರಿಯ ನೆಟ್‌ವರ್ಕಿಗೆ ಬರುವ ದಾರಿ), ಫೈರ್‌ವಾಲ್‌ಗಳಿಗೆ (ಬೇಡದ ಸಂಪರ್ಕ ತಡೆಯುವ ಗೋಡೆ) ಗಂಭೀರ ದೋಷದ ಪರಿಹಾರ ಬಂದರೆ ತಿಂಗಳ ಸರದಿಗೆ ಕಾಯದೆ ದಿನಗಳೊಳಗೆ ಹಾಕಿ. ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಟ್ಟಿದ್ದರೆ ಇದನ್ನು ಓದುವುದು ನಿಲ್ಲಿಸಿ ಮೊದಲು ಅದನ್ನು ಮುಚ್ಚಿ.

ಬ್ಯಾಕಪ್‌ಗೆ 3-2-1 ಸೂತ್ರ ಹಳೆಯದಾದರೂ ಗಟ್ಟಿ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ಅದಕ್ಕೆ ಇನ್ನೊಂದು ಸೇರಿಸಿ. ಕನಿಷ್ಠ ಒಂದು ಪ್ರತಿ ನೆಟ್‌ವರ್ಕಿನಿಂದ ಪೂರ್ತಿ ಕಳಚಿರಬೇಕು, ಇಲ್ಲವೇ ಅಡ್ಮಿನ್ ಕೂಡ ಅಳಿಸಲಾಗದಂತೆ ಬೀಗ ಹಾಕಿರಬೇಕು. ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ತಂತ್ರಾಂಶ) ತಂಡಗಳು ಬೀಗ ಹಾಕುವ ಮೊದಲು ಬ್ಯಾಕಪ್ ಹುಡುಕಿ ಅಳಿಸುತ್ತವೆ. ಕಚೇರಿಯ ಸಾಮಾನ್ಯ ಅಡ್ಮಿನ್ ಪಾಸ್‌ವರ್ಡಿನಿಂದಲೇ ಬ್ಯಾಕಪ್ ಸರ್ವರ್ ತೆರೆಯುತ್ತದೆಂದರೆ ಅದೂ ಅವರ ಕೈಗೆ ಹೋದಂತೆಯೇ. ಡ್ರೈವ್ ಸಿಂಕ್ ಆಗುವುದನ್ನು ಬ್ಯಾಕಪ್ ಎಂದುಕೊಳ್ಳಬೇಡಿ, ಕೆಟ್ಟ ಕಡತವೂ ಅಷ್ಟೇ ನಿಷ್ಠೆಯಿಂದ ಸಿಂಕ್ ಆಗುತ್ತದೆ.

2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ಕೆಟ್ಟ ತಂತ್ರಾಂಶದ ದಾಳಿಗೆ ಸಿಕ್ಕ ಮೆರ್ಸ್ಕ್ ಹಡಗು ಕಂಪನಿ 4,000 ಸರ್ವರ್, 45,000 ಕಂಪ್ಯೂಟರುಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಲಾಗಿನ್ ವ್ಯವಸ್ಥೆಯ ಡೊಮೇನ್ ಕಂಟ್ರೋಲರ್‌ಗಳು ಒಂದರ ಪ್ರತಿಯನ್ನು ಇನ್ನೊಂದು ಇಟ್ಟುಕೊಂಡಿದ್ದವು, ಆದರೆ ಎಲ್ಲವೂ ಒಟ್ಟಿಗೇ ಅಳಿದವು. ಘಾನಾದ ಕಚೇರಿಯಲ್ಲಿ ವಿದ್ಯುತ್ ಹೋಗಿ ಆರಿದ್ದ ಒಂದು ಮಾತ್ರ ಉಳಿದಿತ್ತು, ಅದರಿಂದ ಉಳಿದದ್ದನ್ನು ಕಟ್ಟಿದರು. ಮೂರು ತಿಂಗಳಿಗೊಮ್ಮೆ ನಿಜವಾಗಿಯೂ ಒಂದು ಸರ್ವರನ್ನು ಬ್ಯಾಕಪ್‌ನಿಂದ ಎಬ್ಬಿಸಿ ನೋಡಿ, ಎಷ್ಟು ಗಂಟೆ ಹಿಡಿಯಿತೆಂದು ಬರೆದಿಡಿ. "ಬ್ಯಾಕಪ್ ಯಶಸ್ವಿ" ಎಂಬ ಹಸಿರು ಗುರುತು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಕ್ಲಿಕ್ ಆಗಿಹೋದರೆ

ಸಿಬ್ಬಂದಿಗೆ ಹೇಳಬೇಕಾದದ್ದು ಸ್ವಲ್ಪವೇ. ಕಡತ ಓಡಿಸಿದ್ದರೆ ನೆಟ್‌ವರ್ಕ್ ತಂತಿ ಕಿತ್ತುಬಿಡಿ, ವೈಫೈ ಆರಿಸಿ. ಕಂಪ್ಯೂಟರ್ ಆರಿಸಬೇಡಿ, ಮೆಮರಿಯಲ್ಲಿರುವ ಪುರಾವೆ ಅಳಿಸಿಹೋಗುತ್ತದೆ. ನೆಟ್‌ವರ್ಕ್ ಬಿಡಿಸಲು ಆಗದೇ ಇದ್ದಾಗ ಮಾತ್ರ ಆರಿಸುವುದು. ಆ ಮೇಲ್ ಅಳಿಸಬೇಡಿ. ಇನ್ನೊಂದು ಫೋನಿನಿಂದ ಐಟಿಗೆ ಕರೆ ಮಾಡಿ.

ಐಟಿಯವರು ಇಲ್ಲಿ ಸಾಮಾನ್ಯವಾಗಿ ಪಾಸ್‌ವರ್ಡ್ ಬದಲಿಸಿ ಕೈತೊಳೆದುಕೊಳ್ಳುತ್ತಾರೆ. ನಕಲಿ ಪುಟ ಕದ್ದಿರುವುದು ಹೆಚ್ಚಾಗಿ ಸೆಷನ್ ಕುಕೀ, ಅಂದರೆ ನೀವು ಆಗಲೇ ಲಾಗಿನ್ ಆಗಿದ್ದೀರೆಂದು ಬ್ರೌಸರ್ ಇಟ್ಟುಕೊಳ್ಳುವ ಗುರುತು. ಅದನ್ನು ರದ್ದುಮಾಡದೆ ಪಾಸ್‌ವರ್ಡ್ ಬದಲಿಸುವುದು ಕಳ್ಳನನ್ನು ಒಳಗೇ ಬಿಟ್ಟು ಬೀಗ ಬದಲಿಸಿದ ಹಾಗೆ. ಪಾಸ್‌ವರ್ಡ್ ಬದಲಿಸಿದ ಕೂಡಲೇ ಎಲ್ಲ ಸೆಷನ್‌ಗಳನ್ನೂ ರದ್ದುಮಾಡಿ. ಎರಡನೇ ಹಂತಕ್ಕೆ ಹೊಸ ಫೋನ್ ಸೇರಿದೆಯೇ ನೋಡಿ. ಮೇಲ್‌ಬಾಕ್ಸಿನ ನಿಯಮಗಳನ್ನು ತೆರೆಯಿರಿ: "ಇನ್‌ವಾಯ್ಸ್" ಎಂಬ ಪದವಿರುವ ಮೇಲ್‌ಗಳನ್ನು ಯಾರೂ ನೋಡದ ಫೋಲ್ಡರಿಗೆ ಸರಿಸುವ, ಇಲ್ಲವೇ ಹೊರಗಿನ ವಿಳಾಸಕ್ಕೆ ರವಾನಿಸುವ ನಿಯಮ ಇಂಥ ಖಾತೆಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಖಾತೆಗೆ ಪ್ರವೇಶ ಪಡೆದ ಹೊರಗಿನ ಆಪ್‌ಗಳ ಪಟ್ಟಿ ನೋಡಿ, ಪಾಸ್‌ವರ್ಡ್ ಬದಲಾದರೂ ಅವುಗಳ ಒಪ್ಪಿಗೆ ಉಳಿದಿರಬಹುದು. ಕೊನೆಗೆ, ಆ ಖಾತೆಯಿಂದ ಯಾರಿಗೆಲ್ಲ ಮೇಲ್ ಹೋಗಿದೆಯೆಂದು ಹುಡುಕಿ ಅವರಿಗೆ ಫೋನಿನಲ್ಲಿ ತಿಳಿಸಿ.

ತರಬೇತಿ

ವರ್ಷಕ್ಕೊಮ್ಮೆ ಒಂದು ಗಂಟೆ ಸ್ಲೈಡ್ ತೋರಿಸಿ ಸಹಿ ಹಾಕಿಸಿಕೊಳ್ಳುವುದರಿಂದ ಕಡತ ತುಂಬುತ್ತದೆ, ಅಭ್ಯಾಸ ಬದಲಾಗುವುದಿಲ್ಲ. ತಿಂಗಳಿಗೆ ಹತ್ತು ನಿಮಿಷ, ಒಂದೇ ವಿಷಯ, ಆ ವಿಭಾಗದ ಕೆಲಸದಿಂದಲೇ ಆರಿಸಿದ ಉದಾಹರಣೆ ಇರಲಿ. ಲೆಕ್ಕಪತ್ರದವರಿಗೆ ಬದಲಾದ ಖಾತೆ ಸಂಖ್ಯೆ, ನೇಮಕಾತಿಯವರಿಗೆ ಬಯೋಡೇಟಾ ಕಡತ.

ಅಣಕು ಫಿಶಿಂಗ್ (ಮೋಸದ) ಮೇಲ್ ಕಳಿಸುವುದಾದರೆ ಎಷ್ಟು ಜನ ಒತ್ತಿದರು ಎಂಬುದಕ್ಕಿಂತ ಎಷ್ಟು ಜನ ವರದಿ ಮಾಡಿದರು, ಮೊದಲ ವರದಿ ಎಷ್ಟು ನಿಮಿಷಕ್ಕೆ ಬಂತು ಎಂಬುದನ್ನು ಅಳೆಯಿರಿ. ಒತ್ತಿದವರ ಪಟ್ಟಿ ಪ್ರಕಟಿಸಬೇಡಿ, ಬೋನಸ್ ಬಂದಿದೆ ಎಂಬಂಥ ಕ್ರೂರ ಆಮಿಷ ಬಳಸಬೇಡಿ. ಅವಮಾನವಾದವರು ಮುಂದಿನ ಸಲ ನಿಜವಾದ ದಾಳಿಯಾದಾಗ ಬಾಯಿಮುಚ್ಚಿಕೊಳ್ಳುತ್ತಾರೆ. ವರದಿ ಮಾಡಲು ಮೇಲ್ ಕಿಟಕಿಯಲ್ಲೇ ಒಂದು ಗುಂಡಿ ಇರಲಿ, ಪ್ರತಿ ವರದಿಗೂ "ಹೌದು, ನಕಲಿ" ಅಥವಾ "ಇಲ್ಲ, ಅಸಲಿ, ತೆರೆಯಬಹುದು" ಎಂಬ ಉತ್ತರ ಅದೇ ದಿನ ಹೋಗಲಿ.

ಬಿಟ್ಟುಹೋಗುವ ಮೂಲೆಗಳು

ಕೆಲಸ ಬಿಟ್ಟವರ ಖಾತೆಗಳನ್ನು ಕೊನೆಯ ದಿನವೇ ಮುಚ್ಚಿ. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿ ಇಂಧನ ಸಾಗಣೆಯನ್ನೇ ನಿಲ್ಲಿಸಬೇಕಾಗಿ ಬಂದದ್ದು, ಬಳಕೆಯಲ್ಲಿರಬೇಕಾಗಿರದ ಹಳೆಯ ವಿಪಿಎನ್ ಪ್ರವೇಶವೊಂದರ ಮೂಲಕ ದಾಳಿಕೋರರು ಹೊಕ್ಕಿದ್ದರಿಂದ. ಅದಕ್ಕೆ ಎರಡನೇ ಹಂತದ ದೃಢೀಕರಣ ಇರಲಿಲ್ಲ. ಮಾನವ ಸಂಪನ್ಮೂಲದವರ ಪಟ್ಟಿಯನ್ನೂ ಖಾತೆಗಳ ಪಟ್ಟಿಯನ್ನೂ ಮೂರು ತಿಂಗಳಿಗೊಮ್ಮೆ ಹೋಲಿಸಿ. ಹೊರಗುತ್ತಿಗೆಯವರ ಖಾತೆಗೆ ಮುಕ್ತಾಯ ದಿನಾಂಕ ಹಾಕಿಯೇ ಕೊಡಿ. ಸಾರ್ವಜನಿಕ ಎಐ ಸೇವೆಗಳಿಗೆ ಗ್ರಾಹಕರ ವಿವರ, ಸಂಬಳದ ಪಟ್ಟಿ, ಪಾಸ್‌ವರ್ಡ್ ಇರುವ ಕೋಡ್ ಅಂಟಿಸಬಾರದೆಂದು ಬರೆದು ತಿಳಿಸಿ, ಜೊತೆಗೆ ಬಳಸಬಹುದಾದ ಒಂದು ಸೇವೆಯನ್ನು ನೀವೇ ಒದಗಿಸಿ. ಬರೀ ಬೇಡವೆಂದರೆ ಸ್ವಂತ ಫೋನಿನಲ್ಲಿ ಬಳಸುತ್ತಾರೆ.

ವರ್ಷಕ್ಕೆ ಎರಡು ಸಲ, ತಲಾ ಒಂದೂವರೆ ಗಂಟೆ, ಆಡಳಿತ, ಐಟಿ, ಲೆಕ್ಕಪತ್ರ, ಕಾನೂನು ವಿಭಾಗದವರು ಒಟ್ಟಿಗೆ ಕುಳಿತು ಅಣಕು ಕಸರತ್ತು ಮಾಡಿ. ಸೋಮವಾರ ಬೆಳಿಗ್ಗೆ ಎಲ್ಲ ಕಡತಗಳಿಗೂ ಬೀಗ ಬಿದ್ದಿದೆ, ಇಮೇಲ್ ಇಲ್ಲ, ಇಂಟರ್ನೆಟ್ ಫೋನೂ ಇಲ್ಲ ಎಂದುಕೊಳ್ಳಿ. ಸರ್ವರ್ ಕಳಚಲು ಯಾರ ಅಪ್ಪಣೆ ಬೇಕು? ಬ್ಯಾಂಕಿನವರ, ವಿಮೆಯವರ ನಂಬರ್ ಎಲ್ಲಿದೆ? ಗ್ರಾಹಕರಿಗೆ ಯಾರು, ಎಷ್ಟು ಗಂಟೆಯೊಳಗೆ ತಿಳಿಸುತ್ತಾರೆ? ಸಂಬಳ ಹೇಗೆ ಕೊಡುತ್ತೀರಿ? ನಂಬರುಗಳ ಪಟ್ಟಿ ಕಾಗದದ ಮೇಲಿರಬೇಕು, ಒಂದು ಪ್ರತಿ ಕಚೇರಿಯ ಹೊರಗಿರಬೇಕು. ಉತ್ತರ ಸಿಗದ ಪ್ರತಿ ಪ್ರಶ್ನೆಯ ಮುಂದೆ ಒಬ್ಬರ ಹೆಸರು, ಒಂದು ದಿನಾಂಕ ಬರೆದ ಮೇಲೆಯೇ ಎದ್ದೇಳಿ.